ನಿದ್ದಿ ಬರ್ತದ, ನಿಂದ್ರಂಗಿಲ್ಲ: ಪಾಳಿ ಕೆಲಸ, ಕಾರ್ಟಿಸಾಲ್ ಮತ್ತು ನಿದ್ದೆ

ನಮ್ಮ ಕಾಕಾ ಸೇಡಂ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ಪಾಳಿಯಲ್ಲಿ ದುಡಿಯುತ್ತಿದ್ದಾರೆ. ಕಿಲನ್, ಅಂದರೆ ಸಿಮೆಂಟ್ ಸುಡುವ ಕುಲುಮೆ, ಒಮ್ಮೆ ಹೊತ್ತಿಕೊಂಡರೆ ರಾತ್ರಿ ಆಯಿತೆಂದು ಆರಿಸುವ ಹಾಗಿಲ್ಲ. ಹಾಗಾಗಿ ಬೆಳಿಗ್ಗೆ 6ರಿಂದ 2, ಮಧ್ಯಾಹ್ನ 2ರಿಂದ 10, ರಾತ್ರಿ 10ರಿಂದ 6 ಎಂದು ಮೂರು ಪಾಳಿ, ವಾರಕ್ಕೊಮ್ಮೆ ಬದಲು. ರಾತ್ರಿ ಪಾಳಿಯ ವಾರ ಬಂತೆಂದರೆ ಅವರದು ಒಂದೇ ಮಾತು: "ನಿದ್ದಿ ಬರ್ತದವ್ವ, ನಿಂದ್ರಂಗಿಲ್ಲ." ಬೆಳಿಗ್ಗೆ 8ಕ್ಕೆ ಹಾಸಿಗೆಗೆ ಬಿದ್ದ ಕೂಡಲೇ ನಿದ್ದೆ, 12ಕ್ಕೆಲ್ಲ ಎಚ್ಚರ. ಮತ್ತೆ ಎಷ್ಟು ಹೊರಳಾಡಿದರೂ ಇಲ್ಲ. ನರ್ಸಿಂಗ್ ಓದುತ್ತಿರುವ ನಮಗೆ ಎಂಡೋಕ್ರೈನ್ ಪಾಠ ಕಷ್ಟವಾಗುವುದು ಹಾರ್ಮೋನಿನ ಹೆಸರುಗಳಿಂದ. ನನಗೆ ಅದು ತಲೆಗೆ ಹತ್ತಿದ್ದು ಕಾಕಾನ ಈ ಮಾತಿಗೆ ಉತ್ತರ ಹುಡುಕಲು ಕೂತಾಗ.

ಪಾಳಿಯವರ ನಿದ್ದೆ ಯಾಕೆ ಕೆಡುತ್ತದೆ ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ಬಹಳ ಜನ "ರಾತ್ರಿ ಪಾಳಿಯಲ್ಲಿ ಕಾರ್ಟಿಸಾಲ್ ಹೆಚ್ಚುತ್ತದೆ" ಎಂದಷ್ಟೇ ಬರೆದು ಬಿಡುತ್ತಾರೆ. ಕಾರ್ಟಿಸಾಲ್ ಎಂದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಒಂದು ಹಾರ್ಮೋನ್. ಅದು ಅರ್ಧ ಉತ್ತರ. ಕಾರ್ಟಿಸಾಲ್ ಯಾವ ಹೊತ್ತಿಗೆ ಏರುತ್ತದೆ, ಆ ಹೊತ್ತಿನಲ್ಲಿ ಮನುಷ್ಯ ಏನು ಮಾಡುತ್ತಿದ್ದಾನೆ ಎಂಬುದನ್ನು ಹೇಳದೆ ಉಳಿದರ್ಧ ಸಿಗುವುದಿಲ್ಲ.

ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆಯೇ, ಮಿದುಳಿನ ತಳಭಾಗದ ಹೈಪೋಥಾಲಮಸ್‌ನಲ್ಲಿ, ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ ಇದೆ. ಸುಮಾರು 20,000 ನರಕೋಶಗಳ ಈ ಪುಟ್ಟ ಗುಂಪೇ ದೇಹದ ಮುಖ್ಯ ಗಡಿಯಾರ. ಹೊರಗಿನ ಬೆಳಕು ಕಾಣದಿದ್ದರೂ ಅದು ನಡೆಯುತ್ತದೆ, ಆದರೆ ಮನುಷ್ಯರಲ್ಲಿ ಅದರ ಒಂದು ಸುತ್ತು 24 ಗಂಟೆಗಿಂತ ತುಸು ಉದ್ದ, ಸರಾಸರಿ 24.2 ಗಂಟೆ. ಉಳಿದ ಆ ಚೂರನ್ನು ದಿನವೂ ಸರಿಮಾಡುವುದು ಬೆಳಕು. ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದಲ್ಲಿ ಬೆಳಕನ್ನು ಗುರುತಿಸುವ ಮೆಲನಾಪ್ಸಿನ್ ಎಂಬ ವಸ್ತು ಇರುವ ಕೆಲವು ಕೋಶಗಳಿವೆ, ಅವು ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ. ಬೆಳಗಾಯಿತು ಎಂಬ ಸುದ್ದಿಯನ್ನು ಗಡಿಯಾರಕ್ಕೆ ಮುಟ್ಟಿಸುವವು ಅವೇ. ಕೋಶದೊಳಗೆ ಈ ಗಡಿಯಾರ ಹೇಗೆ ತಿರುಗುತ್ತದೆ ಎಂಬುದನ್ನು ಹಣ್ಣುನೊಣಗಳಲ್ಲಿ ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬಾಶ್, ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಸಂದಿತು.

ಈಗ ಒಂದು ಹಾಳೆಯಲ್ಲಿ 24 ಗಂಟೆಯ ಗೆರೆ ಎಳೆಯಿರಿ. ರಾತ್ರಿ 11ಕ್ಕೆ ಮಲಗುವವರಲ್ಲಿ ಮಿದುಳಿನ ಪೀನಿಯಲ್ ಗ್ರಂಥಿಯ ಮೆಲಟೋನಿನ್, ಅಂದರೆ ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುವ ಹಾರ್ಮೋನ್, 9ರ ಸುಮಾರಿಗೆ ಏರಲು ಶುರುವಾಗಿ, 2ರಿಂದ 4ರ ನಡುವೆ ತುದಿ ಮುಟ್ಟಿ, ಬೆಳಗಿನ ಹೊತ್ತಿಗೆ ಇಳಿಯುತ್ತದೆ. ಮೈಬಿಸಿ ತೀರಾ ತಗ್ಗುವುದು ನಸುಕಿನ 4–5ಕ್ಕೆ. ಕಾರ್ಟಿಸಾಲ್ ನಡುರಾತ್ರಿಯ ಸುಮಾರಿಗೆ ತಳದಲ್ಲಿರುತ್ತದೆ, 2–3ರ ನಂತರ ಮೇಲೇಳುತ್ತದೆ, ಎಚ್ಚರವಾದ ಮೊದಲ 30–45 ನಿಮಿಷದಲ್ಲಿ ಇನ್ನೊಂದು ಜಿಗಿತ ಜಿಗಿದು, ಆಮೇಲೆ ದಿನವಿಡೀ ಇಳಿಯುತ್ತ ಹೋಗುತ್ತದೆ. ಅದು ಹೊರಡುವ ದಾರಿಯಲ್ಲಿ ಒಂದು ಹಾರ್ಮೋನ್ ಮುಂದಿನದನ್ನು ಎಬ್ಬಿಸುತ್ತದೆ: ಹೈಪೋಥಾಲಮಸ್‌ನಿಂದ ಸಿಆರ್‌ಎಚ್, ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಯಿಂದ ಎಸಿಟಿಎಚ್, ಅಡ್ರಿನಲ್ ಗ್ರಂಥಿಯ ಹೊರಪದರವಾದ ಕಾರ್ಟೆಕ್ಸ್‌ನಿಂದ ಕಾರ್ಟಿಸಾಲ್. ಅದನ್ನು ಬರೀ ಸ್ಟ್ರೆಸ್ ಹಾರ್ಮೋನ್ ಎಂದು ಕರೆದು ಕರೆದು ನಾವು ಅದಕ್ಕೆ ಕೆಟ್ಟ ಹೆಸರು ತಂದಿದ್ದೇವೆ. ಏಳುವ ಮುಂಚೆಯೇ ರಕ್ತಕ್ಕೆ ಸಕ್ಕರೆ ಒದಗಿಸಿ, ರಕ್ತದೊತ್ತಡವನ್ನು ಕೆಲಸಕ್ಕೆ ಅಣಿಮಾಡುವುದು ಅದರ ನಿತ್ಯದ ಕಾಯಕ.

ಇದೇ ಗೆರೆಯ ಮೇಲೆ ಕಾಕಾನ ರಾತ್ರಿಯನ್ನು ಇಟ್ಟು ನೋಡಿ. ನಸುಕಿನ 3–4ಕ್ಕೆ ಮೆಲಟೋನಿನ್ ತುದಿಯಲ್ಲಿ, ಮೈ ತಣ್ಣಗೆ, ಕಣ್ಣು ಎಳೆಯುತ್ತಿದೆ, ಆಗ ಅವರು ಯಂತ್ರದ ಮುಂದೆ. ಬೆಳಿಗ್ಗೆ 6ಕ್ಕೆ ಪಾಳಿ ಬಿಟ್ಟಾಗ ಕಾರ್ಟಿಸಾಲ್ ಏರಿ ನಿಂತಿದೆ, ದೇಹ ಹಗಲಿಗೆ ಸಜ್ಜಾಗುತ್ತಿದೆ, ಅವರು ಮಲಗಲು ಮನೆಗೆ ಹೊರಟಿದ್ದಾರೆ.

ಹಾಗಿದ್ದರೆ ನಿದ್ದೆ ಬರುವುದಾದರೂ ಹೇಗೆ? 1982ರಲ್ಲಿ ನಿದ್ದೆಯ ಸಂಶೋಧಕ ಅಲೆಕ್ಸಾಂಡರ್ ಬೋರ್ಬೆಲಿ ಮುಂದಿಟ್ಟ ಎರಡು ಪ್ರಕ್ರಿಯೆಗಳ ಮಾದರಿ ಇಲ್ಲಿ ಕೈಹಿಡಿಯುತ್ತದೆ. ಒಂದು, ಎಚ್ಚರವಿದ್ದಷ್ಟು ಹೊತ್ತು ಕೂಡುತ್ತ ಹೋಗುವ ನಿದ್ದೆಯ ಸಾಲ. ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುವುದು ಇದರ ಒಂದು ಗುರುತು. ಇನ್ನೊಂದು, ನಿದ್ದೆಯ ಲೆಕ್ಕ ನೋಡದೆ ಹೊತ್ತಿಗೆ ತಕ್ಕಂತೆ ಎಚ್ಚರಿಸುವ ಗಡಿಯಾರ. ಬೆಳಿಗ್ಗೆ 8ಕ್ಕೆ ಕಾಕಾನ ಸಾಲ ಎಷ್ಟು ಏರಿರುತ್ತದೆಂದರೆ ಗಡಿಯಾರದ ಮಾತು ನಡೆಯುವುದಿಲ್ಲ, ನಿದ್ದೆ ಹೊಡೆದುಕೊಂಡು ಬರುತ್ತದೆ. ನಾಲ್ಕು ತಾಸು ಮಲಗಿದ ಮೇಲೆ ಸಾಲದ ದೊಡ್ಡ ಪಾಲು ತೀರುತ್ತದೆ. ಹೊರಗೆ ನಡುಹಗಲು, ಗಡಿಯಾರ ಮೈಬಿಸಿಯನ್ನು ಮೇಲಕ್ಕೆ ಒಯ್ಯುತ್ತಿದೆ, ಉಳಿದ ಸಣ್ಣ ಸಾಲಕ್ಕೆ ಅದನ್ನು ತಡೆಯುವ ಬಲವಿಲ್ಲ. "ಬರ್ತದ" ಎಂಬುದು ಮೊದಲ ಪ್ರಕ್ರಿಯೆ, "ನಿಂದ್ರಂಗಿಲ್ಲ" ಎಂಬುದು ಎರಡನೆಯದು. ಹಾರ್ಮೋನಿನ ಹೆಸರೊಂದನ್ನೂ ಕೇಳದ ಕಾಕಾ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರು.

ನಮ್ಮ ಕಲಬುರಗಿ ಸೀಮೆಯಲ್ಲಿ ಬಿಸಿಲೂ ಇದಕ್ಕೆ ಕೂಡುತ್ತದೆ. ನಿದ್ದೆ ಗಟ್ಟಿಯಾಗಬೇಕಾದರೆ ದೇಹ ತನ್ನೊಳಗಿನ ಬಿಸಿಯನ್ನು ಚರ್ಮದ ಮೂಲಕ ಹೊರಗೆ ಬಿಡಬೇಕು. ಏಪ್ರಿಲ್–ಮೇನಲ್ಲಿ 42 ಡಿಗ್ರಿ ದಾಟುವ ಮಧ್ಯಾಹ್ನ, ಕಾದ ಮಾಳಿಗೆಯ ಕೆಳಗೆ, ಕರೆಂಟು ಹೋಗಿ ಕೂಲರ್ ನಿಂತಾಗ ಅದು ಎಲ್ಲಿಗೆ ಬಿಡಬೇಕು?

ಹೀಗೆ ನಿದ್ದೆ ಕಡಿಮೆಯಾಗುತ್ತ ಹೋದಾಗ ಹಾರ್ಮೋನಿನ ಗೆರೆಯೂ ಬದಲಾಗುತ್ತದೆ. ಕರೀನ್ ಸ್ಪೀಗೆಲ್, ಈವ್ ವಾನ್ ಕಾಟರ್ ಮತ್ತು ಅವರ ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11 ಯುವಕರನ್ನು ಆರು ರಾತ್ರಿ ತಲಾ 4 ಗಂಟೆಯಷ್ಟೇ ಮಲಗಗೊಟ್ಟರು. ಸಂಜೆ ಇಳಿಯಬೇಕಿದ್ದ ಕಾರ್ಟಿಸಾಲ್ ಇಳಿಯದೆ ಮೇಲೆಯೇ ಉಳಿಯಿತು, ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಕುಗ್ಗಿತು. "ಹೆಚ್ಚುತ್ತದೆ" ಎಂಬ ಮಾತಿನ ನಿಜವಾದ ಜಾಗ ಇದು: ತಗ್ಗಬೇಕಾದ ಹೊತ್ತಿನಲ್ಲಿ ತಗ್ಗದಿರುವುದು. ರಾತ್ರಿ ಇನ್ಸುಲಿನ್ನಿನ ಕೆಲಸ ಹೇಗೂ ಮಂದ. ಹಾಗಾಗಿ 2 ಗಂಟೆ ರಾತ್ರಿಗೆ ಹೊಟ್ಟೆ ತುಂಬ ಉಣ್ಣುವ ಬದಲು ಪಾಳಿಗೆ ಹೋಗುವ ಮುಂಚೆಯೇ ರೊಟ್ಟಿ, ಬ್ಯಾಳಿ ಉಂಡು, ನಡುವೆ ಹಗುರವಾದದ್ದೇನಾದರೂ ತಿನ್ನುವುದು ಒಳ್ಳೆಯದು.

ವಾರ ಕಳೆದರೆ ದೇಹ ಹೊಂದಿಕೊಳ್ಳುವುದಿಲ್ಲವೇ ಎಂದು ಗೆಳತಿಯೊಬ್ಬಳು ಕೇಳಿದಳು. ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಸರಿಯಬಲ್ಲದು, ಪಾಳಿ ಬದಲಾಗುವುದು ಎಂಟು ಗಂಟೆ. ಅದೂ ಅಲ್ಲದೆ ಮನೆಗೆ ಬರುವ ದಾರಿಯಲ್ಲಿ ಮುಖಕ್ಕೆ ಬೀಳುವ ಎಳೆಬಿಸಿಲು ಅದನ್ನು ಮತ್ತೆ ಹಗಲಿನ ಲೆಕ್ಕಕ್ಕೇ ಎಳೆಯುತ್ತದೆ. ಸುತ್ತು 24 ಗಂಟೆಗಿಂತ ಉದ್ದವಿರುವುದರಿಂದ ಮುಂದಕ್ಕೆ ಹೋಗುವುದು ಅದಕ್ಕೆ ಸುಲಭ: ಬೆಳಗಿನ ಪಾಳಿಯಿಂದ ಸಂಜೆಗೆ, ಸಂಜೆಯಿಂದ ರಾತ್ರಿಗೆ. ತಿರುವುಮುರುವಾಗಿ ಪಾಳಿ ಹಾಕಿದರೆ ಕಷ್ಟ ಹೆಚ್ಚು.

ಬೆಳಗಿನ ಪಾಳಿಯೂ ಸುಲಭದ್ದಲ್ಲ, ಇದನ್ನು ನಾವು ಮರೆತೇ ಬಿಡುತ್ತೇವೆ. 5ರ ಬಸ್ಸು ಹಿಡಿಯಲು 4ಕ್ಕೆ ಏಳಬೇಕು. ಬೇಗ ಮಲಗಿ ಎಂದು ಹೇಳುವುದು ಸುಲಭ. ಆದರೆ ರೂಢಿಯ ನಿದ್ದೆಗೆ ಎರಡು ಮೂರು ತಾಸು ಮುಂಚೆ ಗಡಿಯಾರ ಎಚ್ಚರದ ಕರೆಯನ್ನು ಅತ್ಯಂತ ಜೋರಾಗಿ ಕೊಡುತ್ತದೆ, 8ಕ್ಕೆ ಮಲಗಿದರೂ ನಿದ್ದೆ ಹತ್ತುವುದಿಲ್ಲ. ಕೊನೆಗೆ ಕತ್ತರಿ ಬೀಳುವುದು ನಸುಕಿನ ನಿದ್ದೆಗೆ, ಕನಸಿನ ಆರ್‌ಇಎಂ ನಿದ್ದೆ ಹೆಚ್ಚಿರುವ ಭಾಗಕ್ಕೆ.

ಕಾಕಾ ಈಗ ಪಾಳಿ ಮುಗಿಸಿ ಬರುವಾಗ ಕಪ್ಪು ಕನ್ನಡಕ ಹಾಕುತ್ತಾರೆ, ನಮ್ಮ ಕಾಕಿ ಕಿಟಕಿಗೆ ಹಳೆಯ ಕೌದಿ ಕಟ್ಟಿದ್ದಾರೆ. ಕಾಕಾ ನಸುಕಿನ 4ರ ಚಹಾ ಬಿಟ್ಟಿದ್ದಾರೆ, ಯಾಕೆಂದರೆ ಕೆಫೀನಿನ ಅರ್ಧದಷ್ಟು ಐದು ತಾಸಾದರೂ ರಕ್ತದಲ್ಲಿ ಉಳಿದು ಅಡೆನೊಸಿನ್‌ಗೆ ಅಡ್ಡ ನಿಲ್ಲುತ್ತದೆ. ಪಾಳಿಗೆ ಹೋಗುವ ಮುಂಚೆ ಸಂಜೆ ಒಂದೂವರೆ ತಾಸು ಮತ್ತೆ ಮಲಗುತ್ತಾರೆ. ನಾಲ್ಕು ತಾಸು ಐದೂವರೆ ಆಗಿದೆ.

ವಾರ್ಡಿಗೆ ಬೇಕಾದ ಒಂದು ಮಾತು ಉಳಿದಿದೆ. ಕಾರ್ಟಿಸಾಲ್ ರಕ್ತಪರೀಕ್ಷೆಯನ್ನು ಬೆಳಿಗ್ಗೆ 8ಕ್ಕೆ ತೆಗೆಯುವುದು ಗೆರೆಯ ತುದಿ ಅಲ್ಲಿರುವುದರಿಂದ, ಕಾರ್ಟಿಸಾಲ್ ಹಾಗೆಯೇ ಕೆಲಸ ಮಾಡುವ ಪ್ರೆಡ್ನಿಸೊಲೋನ್ ಮಾತ್ರೆಯನ್ನು ಬೆಳಿಗ್ಗೆ ಕೊಡುವುದೂ ಅದೇ ಕಾರಣಕ್ಕೆ. ಕಾರ್ಟಿಸಾಲ್ ಅತಿಯಾಗುವ ಕುಶಿಂಗ್ ಸಿಂಡ್ರೋಮ್ ಅನುಮಾನವಿದ್ದಾಗ ನಡುರಾತ್ರಿಯ ಎಂಜಲಿನಲ್ಲಿ ಕಾರ್ಟಿಸಾಲ್ ನೋಡುತ್ತಾರೆ, ಆ ಹೊತ್ತಿಗೆ ಅದು ತಗ್ಗಿರಬೇಕೆಂಬ ನಂಬಿಕೆಯಲ್ಲಿ. ಪಾಳಿ ಕೆಲಸದವರಲ್ಲಿ ಆ ನಂಬಿಕೆ ಗಟ್ಟಿಯಲ್ಲ. ಮಾದರಿ ತೆಗೆಯುವಾಗ "ಯಾವ ಪಾಳಿ, ಕೊನೆಗೆ ಮಲಗಿದ್ದು ಯಾವಾಗ?" ಎಂದು ಕೇಳಿ, ಉತ್ತರವನ್ನು ಚೀಟಿಯ ಮೇಲೆ ಸಮಯದ ಪಕ್ಕದಲ್ಲೇ ಬರೆಯಿರಿ.