ವಯಸ್ಸಾದಂತೆ ಮಗುವಾದ ಇಲಿ

ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ನಡೆಯುವ ಸಿದ್ಧೇಶ್ವರ ಜಾತ್ರೆಯಲ್ಲಿ ಒಬ್ಬಾತ ದೊಡ್ಡದೊಂದು ಪುಗ್ಗಾದ ನೆತ್ತಿಗೆ ಎರಡು ಸಣ್ಣ ಪುಗ್ಗಾ ಕಟ್ಟಿ ಮಾರುತ್ತಿದ್ದ. ಅದಕ್ಕೆ ಕಣ್ಣು, ಮೂಗು ಏನೂ ಇರಲಿಲ್ಲ. ಆದರೂ ನಾಲ್ಕು ವರ್ಷ ತುಂಬದ ನನ್ನ ಅಣ್ಣನ ಮಗಳು "ಕಾಕಾ, ಮಿಕ್ಕಿ!" ಎಂದು ಕೈ ತೋರಿಸಿದಳು.

ಮಿಕ್ಕಿ ಮೌಸ್ ಹುಟ್ಟಿದ್ದು ಒಂದು ನಷ್ಟದ ಬೆನ್ನಿಗೆ. ತಾವು ಬೆಳೆಸಿದ ಆಸ್ವಾಲ್ಡ್ ಎಂಬ ಮೊಲದ ಹಕ್ಕು ತಮ್ಮದಲ್ಲವೆಂದು 1928ರಲ್ಲಿ ಅರಿವಾದಾಗ ವಾಲ್ಟ್ ಡಿಸ್ನಿ ಹೊಸ ಪಾತ್ರವೊಂದಕ್ಕೆ ಕೈಹಾಕಿದರು. ಅದಕ್ಕೆ ರೂಪ ಕೊಟ್ಟವರು ಚಿತ್ರಕಾರ ಅಬ್ ಐವರ್ಕ್ಸ್. ಸಾವಿರಾರು ಚಿತ್ರಗಳನ್ನು ಕೈಯಿಂದಲೇ ಬರೆಯಬೇಕಿದ್ದ ಆ ಕಾಲದಲ್ಲಿ ಬೇಗ ಬರೆಯಲು ಒದಗುತ್ತಿದ್ದ ಆಕಾರವೆಂದರೆ ವೃತ್ತ. ಹೀಗಾಗಿ ತಲೆ, ಕಿವಿ, ಹೊಟ್ಟೆ ಎಲ್ಲವೂ ದುಂಡಗಾದವು. ಅದೇ ವರ್ಷ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ 'ಸ್ಟೀಮ್‌ಬೋಟ್ ವಿಲ್ಲಿ' ತೆರೆಕಂಡಿತು. ಅದರಲ್ಲಿನ ಮಿಕ್ಕಿ ಚೂಪು ಮೂತಿಯ, ಕಡ್ಡಿಕಾಲಿನ ತುಂಟ. ಹಾಡಿನ ಹಾಳೆ ತಿಂದ ಮೇಕೆಯ ಬಾಲ ತಿರುವಿ ಸಂಗೀತ ಹೊರಡಿಸುವ ಆಟದಲ್ಲಿ ಅವನೂ ಪಾಲುದಾರ.

ಮುಂದಿನ ಐವತ್ತು ವರ್ಷಗಳಲ್ಲಿ ಆ ಇಲಿ ಹೇಗೆ ಬದಲಾಯಿತೆಂಬುದನ್ನು ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅಳತೆಗೋಲು ಹಿಡಿದೇ ನೋಡಿದರು. ತಲೆಯ ಉದ್ದಕ್ಕೆ ಹೋಲಿಸಿದರೆ ಶೇಕಡಾ 27ರಷ್ಟಿದ್ದ ಕಣ್ಣು 42ಕ್ಕೆ ಏರಿತ್ತು. ದೇಹಕ್ಕೆ ಹೋಲಿಸಿದರೆ ತಲೆಯೂ ಹಿಗ್ಗಿತ್ತು. ಕಿವಿಗಳು ಹಿಂದೆ ಸರಿದು ಹಣೆ ಉಬ್ಬಿತ್ತು, ಕೈಕಾಲು ತುಂಬಿಕೊಂಡಿದ್ದವು. ಮಗುವಿಗಿರುವಂಥ ದೊಡ್ಡ ತಲೆ, ಅಗಲ ಕಣ್ಣು, ಉಬ್ಬಿದ ಕೆನ್ನೆ ಕಂಡರೆ ನಮ್ಮಲ್ಲಿ ಪಾಲನೆಯ ಅಕ್ಕರೆ ಉಕ್ಕುತ್ತದೆಂದು ಪ್ರಾಣಿವರ್ತನೆಯ ವಿಜ್ಞಾನಿ ಕಾನ್ರಾಡ್ ಲೊರೆಂಜ್ 1943ರಲ್ಲೇ ವಾದಿಸಿದ್ದರು. ಹಗೇವಿನ ಜೋಳಕ್ಕೆ ಕನ್ನ ಹಾಕುವ ಇಲಿಯನ್ನು ಬಡಿಗೆ ಹಿಡಿದು ಅಟ್ಟುವ ನಮ್ಮವರೇ ಮಕ್ಕಳ ದಪ್ತರದ ಮೇಲಿನ ಇಲಿಗೆ ಮನಸೋಲುವುದಕ್ಕೆ ಇದಕ್ಕಿಂತ ಒಪ್ಪುವ ವಿವರಣೆ ನನಗೆ ಸಿಕ್ಕಿಲ್ಲ.

ಆದರೆ ಪುಗ್ಗಾಕ್ಕೆ ಕಣ್ಣೂ ಇಲ್ಲ, ಕೆನ್ನೆಯೂ ಇಲ್ಲ. ಅಲ್ಲಿ ಗುರುತು ಹಿಡಿಸಿದ್ದು ಕಿವಿ. ಮುಖ ಎಷ್ಟೇ ಬದಲಾದರೂ ಚಿತ್ರಕಾರರು ಕಿವಿಯ ದುಂಡನ್ನು ಬಿಟ್ಟುಕೊಡಲಿಲ್ಲ. ಮಿಕ್ಕಿ ಪಕ್ಕಕ್ಕೆ ತಿರುಗಿದರೂ ಕಾಗದದ ಮೇಲೆ ಎರಡೂ ಕಿವಿ ಪೂರ್ತಿ ವೃತ್ತಗಳಾಗಿಯೇ ಉಳಿಯುತ್ತವೆ. ನಿಜವಾದ ವಸ್ತುವಿಗೆ ಈ ಸೌಲಭ್ಯವಿಲ್ಲ. ಗಾಳಿಗೆ ಪುಗ್ಗಾ ಅಡ್ಡ ತಿರುಗಿ ಒಂದು ಕಿವಿಯ ಹಿಂದೆ ಇನ್ನೊಂದು ಮರೆಯಾದದ್ದೇ ತಡ, ಹುಡುಗಿ ನನ್ನ ಅಂಗಿ ಜಗ್ಗಿದಳು: "ಕಾಕಾ, ಮಿಕ್ಕಿ ಎಲ್ಲಿ ಹೋತು?"