ಗಬ್ಬದ ಕುದುರೆಗೆ ‘ಜಾಗ ಖಾಲಿ ಮಾಡಿ’ ಎಂದಾಗ

ಇಂಗ್ಲೆಂಡಿನಲ್ಲಿ ಕುದುರೆ ಸಾಕುವವರಲ್ಲಿ ಬಹಳಷ್ಟು ಮಂದಿಗೆ ಸ್ವಂತ ಲಾಯವೂ ಇಲ್ಲ, ಹುಲ್ಲುಗಾವಲೂ ಇಲ್ಲ. ತಿಂಗಳ ಬಾಡಿಗೆ ಕೊಟ್ಟು ಲಿವರಿ ಯಾರ್ಡಿನಲ್ಲಿ ಬಿಡುತ್ತಾರೆ. ಬೆಂಗಳೂರಿನ ಗೆಳೆಯರಿಗೆ ನಾನು ಇದನ್ನು ‘ಕುದುರೆಗಳ ಪಿ.ಜಿ.’ ಎಂದೇ ಹೇಳುವುದು. ಮೇವು ಹಾಕುವುದು, ಲದ್ದಿ ತೆಗೆಯುವುದು ಎಲ್ಲ ಯಾರ್ಡಿನವರದೇ ಆದರೆ ಫುಲ್ ಲಿವರಿ. ಜಾಗ ಅವರದು, ಮೈಕೆಲಸ ನಿಮ್ಮದು ಎಂದರೆ ಡಿಐವೈ. ಪಿ.ಜಿ.ಯಲ್ಲಿ ಆಗುವಂತೆಯೇ ಇಲ್ಲೂ ಒಂದು ದಿನ ಯಜಮಾನಿ ಬಂದು, ‘ಇನ್ನೊಂದು ತಿಂಗಳೊಳಗೆ ಜಾಗ ಖಾಲಿ ಮಾಡಿ’ ಎನ್ನಬಹುದು.

ಇಲ್ಲಿ ಪಶುವೈದ್ಯಕೀಯ ನನ್ನ ಕೆಲಸ. ಒಂದು ಫೆಬ್ರವರಿಯ ನಡುವೆ ನನಗೆ ಬಂದ ಕರೆ ಅಂಥದ್ದು. ಅಕ್ಟೋಬರಿನಲ್ಲಿ ದಲ್ಲಾಳಿಯೊಬ್ಬನಿಂದ ಕೊಂಡ ಕಾಬ್ ಕುದುರೆ, ಅಂದರೆ ಗಿಡ್ಡ ಕಾಲಿನ ದಪ್ಪ ಮೈಯದು, ಹೆಣ್ಣು. ಚಳಿಗಾಲದಲ್ಲಿ ಹೊಟ್ಟೆ ಇಳಿಬಿದ್ದಾಗ ಎಲ್ಲರೂ ‘ಒಣಹುಲ್ಲಿನ ಹೊಟ್ಟೆ’ ಎಂದು ನಕ್ಕಿದ್ದರು. ಒಂದು ಬೆಳಿಗ್ಗೆ ಪಕ್ಕೆಯ ಕೆಳಗೆ ಒಳಗಿನಿಂದ ಏನೋ ಒದ್ದದ್ದು ಯಾರ್ಡಿನ ಯಜಮಾನಿಯ ಕಣ್ಣಿಗೇ ಬಿತ್ತು. ಅದೇ ಸಂಜೆ ನೋಟಿಸ್. ಇಲ್ಲಿ ಇದೇನೂ ಅಪರೂಪವಲ್ಲ. ವರ್ಷ ತುಂಬಿದ ಗಂಡುಮರಿಯನ್ನು ಬೀಜ ಒಡೆಸದೆ ಹೆಣ್ಣುಗಳ ಜೊತೆ ಮೇಯಲು ಬಿಟ್ಟರೆ ಹೀಗೇ ಆಗುವುದು. ಮಾರುವವನು ಬಾಯಿ ಬಿಡುವುದಿಲ್ಲ, ಕೊಳ್ಳುವವರಿಗೆ ಕೇಳಬೇಕೆಂದು ಹೊಳೆಯುವುದಿಲ್ಲ.

ನಾನು ಹೋದಾಗ ಕುದುರೆಯ ಒಡತಿ ಅಳುತ್ತಿದ್ದರು. “ಡಾಕ್ಟ್ರೇ, ಏಪ್ರಿಲ್ ಕೊನೆಯವರೆಗೆ ಇರಲು ಬಿಡಿ ಅಂತ ಒಂದು ಪತ್ರ ಬರೆದುಕೊಡಿ. ನೀವು ಹೇಳಿದರೆ ಕೇಳುತ್ತಾರೆ” ಎಂದರು. ನಾನು ಬರೆದುಕೊಡಲಿಲ್ಲ. ಯಾಕೆಂದು ಹೇಳುವುದಕ್ಕೇ ಈ ಅಂಕಣ.

ಮೊದಲು ಯಾರ್ಡಿನವರ ಮಾತು. ಅವರನ್ನು ಕಲ್ಲೆದೆಯವರೆಂದು ಬೈಯುವುದು ಸುಲಭ. ಆದರೆ ಆ ಯಾರ್ಡಿನಲ್ಲಿ ಹದಿನಾಲ್ಕು ಕುದುರೆ, ಹೆಚ್ಚಿನವು ಬೀಜ ಒಡೆಸಿದ ಗಂಡುಗಳು, ಎಲ್ಲ ಒಂದೇ ಹಿಂಡು. ಅಂಥ ಹಿಂಡು ಎಳೆಮರಿಯನ್ನು ಅಟ್ಟಾಡಿಸಿ ಕೊಂದದ್ದೂ ಉಂಟು. ಬೇಲಿ ಎಂದರೆ ಎರಡೆಳೆ ವಿದ್ಯುತ್ ಪಟ್ಟಿ. ಹೊರಳಿದ ಮರಿ ಅದರಡಿಯಿಂದ ಆಚೆ ಹೋಗಿ ಬೀಳುತ್ತದೆ. ಲಾಯದ ಕೋಣೆ ಹನ್ನೆರಡಕ್ಕೆ ಹನ್ನೆರಡು ಅಡಿ, ಈಯಲು ಅದು ಸಾಲದು. ಮರಿಯ ಹತ್ತಿರ ಬಂದವರನ್ನು ತಾಯಿ ಒದೆಯುತ್ತಾಳೆ, ಯಾರ್ಡಿನ ತುಂಬ ಶಾಲೆ ಮಕ್ಕಳು. ಇನ್ನು, ಕುದುರೆಗಳು ಈಯುವುದು ಹೆಚ್ಚಾಗಿ ರಾತ್ರಿ. ಒಡತಿ ಇಪ್ಪತ್ತು ಮೈಲಿ ದೂರದಲ್ಲಿ ನಿದ್ದೆಯಲ್ಲಿರುತ್ತಾರೆ. ಮರಿಯ ಕಾಲು ಹೊರಬಂದ ಮೇಲೆ ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಬೇಕಾದ ಹೊತ್ತಿನಲ್ಲಿ ಟಾರ್ಚ್ ಹಿಡಿದು ನಿಲ್ಲಬೇಕಾದವರು ಯಜಮಾನಿಯೇ. ಒಲ್ಲೆ ಎನ್ನುವ ಹಕ್ಕು ಅವರಿಗಿದೆ.

ಕಾನೂನೂ ಹೆಚ್ಚುಕಡಿಮೆ ಹಾಗೇ. ಮನೆ ಬಾಡಿಗೆದಾರರಿಗಿರುವ ರಕ್ಷಣೆ ಲಾಯದ ಬಾಡಿಗೆಗೆ ಇಲ್ಲ. ಇಂಗ್ಲೆಂಡಿನಲ್ಲಿ ಸವಾರಿ ಶಾಲೆಗೆ ಲೈಸೆನ್ಸ್ ಬೇಕು, ಬರೀ ಲಿವರಿಗೆ ಬೇಡ. ಕರಾರಿನಲ್ಲಿ ಬರೆದದ್ದೇ ನಿಯಮ. ತಿಂಗಳ ನೋಟಿಸ್ ರೂಢಿ. ಎಷ್ಟೋ ಕಡೆ ಕರಾರೂ ಬಾಯಿಮಾತಿನದು. ಒಂದು ಮಾತ್ರ ಗಟ್ಟಿ: 2006ರ ಪ್ರಾಣಿ ಕಲ್ಯಾಣ ಕಾಯ್ದೆಯ ಪ್ರಕಾರ ಪ್ರಾಣಿಯ ಹೊಣೆ ಒಡೆಯರ ಮೇಲೆ ಯಾವಾಗಲೂ ಇರುತ್ತದೆ, ಅದನ್ನು ನೋಡಿಕೊಳ್ಳುತ್ತಿರುವವರ ಮೇಲೂ ಇರುತ್ತದೆ. ಜಗಳವಾಯಿತೆಂದು ಮೇವು ನಿಲ್ಲಿಸುವಂತಿಲ್ಲ.

ಹಾಗಾದರೆ ಜಗಳ ಕಾಯುವುದು ಯಾವುದಕ್ಕೆ? ಹೋಗಬೇಕೋ ಬೇಡವೋ ಎನ್ನುವುದಕ್ಕಲ್ಲ, ಯಾವತ್ತು ಹೋಗಬೇಕು ಎನ್ನುವುದಕ್ಕೆ. ಆ ತಾರೀಖು ನೋಟಿಸಿನಲ್ಲಿಲ್ಲ, ಕುದುರೆಯ ಹೊಟ್ಟೆಯಲ್ಲಿದೆ.

ಕುದುರೆ ಗಬ್ಬ ಹೊರುವುದು ಸರಾಸರಿ 340 ದಿನ. ಇಪ್ಪತ್ತು ದಿನ ಮೊದಲೂ ಈಯಬಹುದು, ಇಪ್ಪತ್ತೈದು ದಿನ ತಡವಾಗಿಯೂ ಈಯಬಹುದು, ಎರಡೂ ಸಹಜವೇ. ಈ ಕುದುರೆ ಗಂಡಿನ ಜೊತೆ ಸೇರಿದ ದಿನ ಯಾರಿಗೂ ಗೊತ್ತಿಲ್ಲ. ಸ್ಕ್ಯಾನಿನಲ್ಲಿ ಮರಿಯ ಕಣ್ಣುಗುಡ್ಡೆಯ ಅಗಲ ಅಳೆದೆ. ಸುಮಾರು ಎಂಟು ತಿಂಗಳು ಎಂದು ಬಂತು, ಅಂದರೆ ಈಯುವುದು ಮೇ 20ರ ಆಸುಪಾಸು. ಎರಡು ಮೂರು ವಾರ ಆಚೀಚೆ ಆಗಬಹುದು ಎಂದೂ ಹೇಳಿದೆ. ಕೆಚ್ಚಲು ಬಿಡುವುದು, ಬಾಲದ ಬುಡ ಸಡಿಲವಾಗುವುದು, ಮೊಲೆತುದಿಯಲ್ಲಿ ಮೇಣದಂಥ ಹನಿ ಕಟ್ಟುವುದು ಇವೆಲ್ಲ ಆಮೇಲಿನ ಗುರುತುಗಳು. ಅವನ್ನು ನೋಡಿ ಜಾಗ ಹುಡುಕಲು ಹೊರಟರೆ ತಡವಾಯಿತೆಂದೇ ಅರ್ಥ.

ಇನ್ನು ಲೆಕ್ಕ. ಕುದುರೆಯ ಗರ್ಭದಲ್ಲಿ ತಾಯಿಯ ರೋಗನಿರೋಧಕ ಅಂಶಗಳು ಮಾಸು ದಾಟಿ ಮರಿಗೆ ಹೋಗುವುದಿಲ್ಲ. ಮರಿ ಬರಿಗೈಯಲ್ಲಿ ಹುಟ್ಟುತ್ತದೆ. ಅದಕ್ಕೆ ಸಿಗುವುದೆಲ್ಲ ಗಿಣ್ಣುಹಾಲಿನಿಂದ, ಅದೂ ಮೊದಲ ದಿನದೊಳಗೆ. ಆಮೇಲೆ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ಮರಿ ಬೀಳುವ ಜಾಗದ ರೋಗಾಣುಗಳ ಪರಿಚಯ ತಾಯಿಗೆ ಮೊದಲೇ ಆಗಿದ್ದರೆ ಮಾತ್ರ ಅವಕ್ಕೆ ಬೇಕಾದ ಮದ್ದು ಗಿಣ್ಣಿಗೆ ಇಳಿಯುತ್ತದೆ. ಅದಕ್ಕೆ ನಾಲ್ಕರಿಂದ ಆರು ವಾರ ಬೇಕು. ಟೆಟನಸ್ ಮತ್ತು ಫ್ಲೂ ಬೂಸ್ಟರ್ ಹಾಕುವುದೂ ಆ ಹೊತ್ತಿನಲ್ಲೇ.

ಅದಕ್ಕೂ ಮೊದಲು ಕ್ವಾರಂಟೈನ್. ಇಎಚ್‌ವಿ-1 ಎಂಬ ಹರ್ಪಿಸ್ ವೈರಸ್ ಎಷ್ಟೋ ಕುದುರೆಗಳ ಮೈಯಲ್ಲಿ ಮಲಗಿರುತ್ತದೆ. ಸಾಗಣೆ, ಹೊಸ ಹಿಂಡು, ಗಾಬರಿ ಇಷ್ಟು ಸಾಕು ಅದು ಏಳಲು. ಎದ್ದರೆ ಕೊನೆಯ ತಿಂಗಳುಗಳಲ್ಲಿರುವ ಕುದುರೆ ಯಾವ ಸುಳಿವೂ ಕೊಡದೆ ಕಂದು ಹಾಕುತ್ತದೆ, ಪಕ್ಕದ ಗಬ್ಬದ ಕುದುರೆಗಳಿಗೂ ಹರಡುತ್ತದೆ. ಲಸಿಕೆ ಐದು, ಏಳು, ಒಂಬತ್ತನೇ ತಿಂಗಳಿಗೆ. ಇವಳಿಗೆ ಮೊದಲ ಎರಡೂ ತಪ್ಪಿದ್ದವು. ಹಾಗಾಗಿ ಹೊಸ ಜಾಗದಲ್ಲಿ ಮೂರು ನಾಲ್ಕು ವಾರ ಬೇರೆಯೇ ಇರಿಸಬೇಕು.

ಮೂರನೆಯದು ಸಾಗಣೆಯ ಕಾನೂನು. ಯುರೋಪಿನ 2005ರ ನಿಯಮವನ್ನು ಬ್ರಿಟನ್ ಈಗಲೂ ಉಳಿಸಿಕೊಂಡಿದೆ: ಗಬ್ಬದ ಅವಧಿಯ ಶೇ. 90 ದಾಟಿದ ಪ್ರಾಣಿಯನ್ನು ಬಾಡಿಗೆ ಲಾರಿಯವರು ಸಾಗಿಸುವಂತಿಲ್ಲ. ಕುದುರೆಗೆ ಅದು 306ನೇ ದಿನ. ಹೆರಿಗೆಗೆ ಒಳ್ಳೆಯ ಜಾಗಕ್ಕೆ ಹೋಗುವ, ತಳಿ ದಾಖಲೆಯಿರುವ ನೋಂದಾಯಿತ ಕುದುರೆಗೆ, ಜೊತೆಗೊಬ್ಬ ಆಳಿದ್ದರೆ, ವಿನಾಯಿತಿ ಉಂಟು. ಸಂತೆಯ ಕಾಬ್‌ಗೆ ನೋಂದಣಿ ಎಲ್ಲಿಂದ ಬರಬೇಕು?

ಮೇ 20ರಿಂದ ಹಿಂದಕ್ಕೆ ಎಣಿಸಿದೆವು. ಗಿಣ್ಣಿಗೆ ಆರು ವಾರ, ಕ್ವಾರಂಟೈನಿಗೆ ನಾಲ್ಕು. ಮಾರ್ಚ್ ಎರಡನೇ ವಾರಕ್ಕೆ ಬಂದು ನಿಂತಿತು. ಲಾರಿಯ ಗಡುವು ಏಪ್ರಿಲ್ ನಡುವೆ. ಯಜಮಾನಿ ಕೊಟ್ಟ ನೋಟಿಸ್ ಮುಗಿಯುವುದು ಮಾರ್ಚ್ 15ಕ್ಕೆ! ಒಡತಿ ಕೈಮುಗಿದು ಕೇಳುತ್ತಿದ್ದ ‘ಏಪ್ರಿಲ್ ಕೊನೆ’ ಇದ್ದುದರಲ್ಲೇ ಕೆಟ್ಟ ದಿನ. ನಮ್ಮ ಕಡೆ ಬಸುರಿ ಮಗಳನ್ನು ತವರಿಗೆ ಕರೆತರುವಾಗ ‘ಏಳಕ್ಕೆ ಆಗಬಹುದು, ಎಂಟಕ್ಕೆ ಬೇಡ’ ಎಂದು ತಿಂಗಳು ಎಣಿಸುತ್ತಾರೆ. ಹನ್ನೊಂದು ತಿಂಗಳು ಹೊರುವ ಕುದುರೆಗೆ ಒಂಬತ್ತು ಹದವಾದ ಹೊತ್ತು.

ಹಾಗಾಗಿ ನಾನು ಬರೆದ ಪತ್ರ ಬೇರೆ, ಬರೆದದ್ದು ಬೇರೆಯವರಿಗೆ. ಸಮೀಪದಲ್ಲಿ ಕುದುರೆ ತಳಿ ಬೆಳೆಸುವ ಒಂದು ಸಣ್ಣ ಸ್ಟಡ್ ಫಾರ್ಮ್ ಹೊರಗಿನ ಕುದುರೆಗಳನ್ನು ಈಯಿಸಲು ಇಟ್ಟುಕೊಳ್ಳುತ್ತದೆ. ಕ್ಯಾಮೆರಾ, ರಾತ್ರಿ ಕಾವಲು, ದೊಡ್ಡ ಕೋಣೆ ಎಲ್ಲ ಇದೆ. ಲಸಿಕೆ ತಪ್ಪಿದ್ದನ್ನು ಮುಚ್ಚಿಡದೆ ತಿಳಿಸಿ, ಬೇರೆಯೇ ಹುಲ್ಲುಗಾವಲು ಕೊಡುವಿರಾ ಎಂದು ಕೇಳಿದೆ. ಕೊಟ್ಟರು, ಜೊತೆಗೊಂದು ಮುದಿ ಪೋನಿಯನ್ನೂ ಬಿಟ್ಟರು. ಒಂಟಿಯಾಗಿ ನಿಂತ ಕುದುರೆ ಬೇಲಿಯುದ್ದಕ್ಕೂ ಓಡಿ ಬಸವಳಿಯುತ್ತದೆ, ಪೋನಿ ಅದಕ್ಕೆ.

ಈದದ್ದು ಮೇ 10ರ ರಾತ್ರಿ, ನನ್ನ ಲೆಕ್ಕಕ್ಕಿಂತ ಹತ್ತು ದಿನ ಮೊದಲು. ಮರಿ ಒಂದು ಗಂಟೆಯೊಳಗೆ ಎದ್ದು ನಿಂತಿತು, ಎರಡರೊಳಗೆ ಮೊಲೆಗೆ ಬಾಯಿಟ್ಟಿತು, ಮಾಸು ಮೂರರೊಳಗೆ ಬಿತ್ತು. ಮರುದಿನ ಮರಿಯ ರಕ್ತ ಪರೀಕ್ಷೆಯಲ್ಲಿ ಐಜಿಜಿ ಎಂಬ ರೋಗನಿರೋಧಕ ಅಂಶ ಲೀಟರಿಗೆ 8 ಗ್ರಾಂ ದಾಟಿತ್ತು, ಅಂದರೆ ಗಿಣ್ಣು ಸಾಕಷ್ಟು ಇಳಿದಿದೆ.

ನವೆಂಬರಿನಲ್ಲಿ ಮರಿ ಬಿಡಿಸಿದ ಮೇಲೆ ತಾಯಿಯನ್ನು ವಾಪಸ್ ತೆಗೆದುಕೊಳ್ಳುತ್ತೇನೆಂದು ಹಳೆಯ ಯಜಮಾನಿ ಹೇಳಿದ್ದಾರೆ. ಈ ಸಲ ಮಾತನ್ನು ಕಾಗದದ ಮೇಲೆ ಬರೆಸಿಕೊಳ್ಳಲು ಹೇಳಿದ್ದೇನೆ. ಮರಿ ಗಂಡು. ಬೀಜ ಒಡೆಸುವವರೆಗೆ ಅದಕ್ಕೆ ಅಲ್ಲಿ ಜಾಗವಿಲ್ಲ.