ಮುದಿ ನಾಯಿಯನ್ನು ಸುಮ್ನೆ ಮಲಗಿಸಬೇಡಿ

ನಮ್ಮ ಕರಿಯನಿಗೆ ಈಗ 12 ವರ್ಷ. ಬೆಳಗ್ಗೆ ಏಳುವಾಗ ಹಿಂಗಾಲು ನಡುಗುತ್ತವೆ. 'ವಯಸ್ಸಾಯ್ತಲ್ಲ ಸಾರ್, ಮಲಗಿರಲಿ ಬಿಡಿ' ಅಂತ ಬೀದಿಯವರೆಲ್ಲ ಹೇಳುತ್ತಾರೆ. ಒಬ್ಬರು ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು ಇಳಿ ತೆಗೆದರು. ಪ್ರೀತಿಯಿಂದಲೇ ಮಾಡಿದ್ದು. ಆದರೂ ನನಗೆ ಸಂಕಟವಾಯಿತು. ನೋವು ಇರುವುದು ಕೀಲಿನಲ್ಲಿ. ಅದಕ್ಕೆ ಬೇಕಾದದ್ದು ನಡಿಗೆ.

ಕೀಲಿನಲ್ಲಿ ಮೂಳೆಯ ತುದಿಗೆ ಮೆದುಮೂಳೆಯ ಹೊದಿಕೆ ಇದೆಯಲ್ಲ, ಅದರೊಳಗೆ ರಕ್ತನಾಳವೇ ಇಲ್ಲ. ಮಂಡ್ಯದವರಿಗೆ ಇದನ್ನು ಹೇಳುವುದು ಸುಲಭ. ವಿಶ್ವೇಶ್ವರಯ್ಯ ನಾಲೆಯ ಗದ್ದೆಗೆ ನೀರು ತಾನಾಗಿ ಹರಿಯುತ್ತದೆ. ನಾಲೆ ಮುಟ್ಟದ ಹೊಲಕ್ಕೆ ಹಿಂದೆಲ್ಲ ಏತ ಹಾಕುತ್ತಿದ್ದರು. ಏತದ ಮರದ ಮೇಲೆ ಆಳು ಹಿಂದೆ ಮುಂದೆ ನಡೆದ ಹಾಗೆಲ್ಲ ನೀರು ಮೇಲೆ ಬರುತ್ತಿತ್ತು. ಆಳು ಕೂತರೆ ಪೈರು ಒಣಗುತ್ತಿತ್ತು. ಮೆದುಮೂಳೆ ಅಂಥದ್ದೇ ಹೊಲ. ನಾಯಿಯ ಹೆಜ್ಜೆಯೇ ಅದರ ಏತ. ಇಲ್ಲವೇ ಪಾತ್ರೆ ತೊಳೆಯುವ ಸ್ಪಂಜನ್ನು ನೆನಪಿಸಿಕೊಳ್ಳಿ. ಕಾಲು ಊರಿದಾಗ ಮೆದುಮೂಳೆ ಅದುಮಿಕೊಂಡು ಹಳೇ ನೀರು ಹೊರಗೆ. ಕಾಲು ಎತ್ತಿದಾಗ ಆಹಾರ ಹೊತ್ತ ಹೊಸ ನೀರು ಒಳಗೆ.

ಆ ನೀರೂ ಬರೀ ನೀರಲ್ಲ, ಲೋಳೆ. ಬಾಟಲಿಯಲ್ಲಿ ಅಂಟಿ ಕೂತ ಸಾಸ್ ಕುಲುಕಿದರೆ ಇಳಿಯುತ್ತದೆ, ಅಲ್ವಾ? ಇದೂ ಹಾಗೇ, ನಿಂತಾಗ ದಪ್ಪ, ಅಲುಗಾಡಿದಾಗ ತೆಳು. ಕಾರಣ ಆ ಲೋಳೆಯಲ್ಲಿರುವ ಹಯಲುರಾನಿಕ್ ಆಮ್ಲ ಎಂಬ ಅಂಟು ಪದಾರ್ಥ. 1934ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಕಾರ್ಲ್ ಮೇಯರ್, ಜಾನ್ ಪಾಮರ್ ಅದನ್ನು ಮೊದಲು ಬೇರ್ಪಡಿಸಿದ್ದು ಎಲ್ಲಿಂದ ಗೊತ್ತಾ? ಹಸುವಿನ ಕಣ್ಣಿನಿಂದ! ಹೆಸರಿನ ಮೊದಲರ್ಧ ಗ್ರೀಕರ 'ಗಾಜು'. ಕಣ್ಣನ್ನು ತುಂಬಿರುವ, ಗಾಜಿನಂಥ ಲೋಳೆಯೇ ನಾಯಿಯ ಮಂಡಿಯಲ್ಲೂ ಕೆಲಸ ಮಾಡುತ್ತದೆ ಎಂದು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಹಾಗಂತ ಓಡಿಸಬೇಡಿ. ಚೆಂಡು ಎಸೆದು ನೆಗೆಸುವುದೂ ಬೇಡ. ಒಂದೇ ಸಲ ದೂರ ಹೋಗುವ ಬದಲು ದಿನಕ್ಕೆ ಮೂರು ನಾಲ್ಕು ಸಲ ಹತ್ತತ್ತು ನಿಮಿಷ, ಮಣ್ಣಿನ ಮೇಲೆ, ಅದರ ನಡಿಗೆಗೆ ತಕ್ಕಂತೆ. ಮನೆಯೊಳಗಿನ ಶತ್ರು ನುಣ್ಣನೆ ಟೈಲ್ಸ್. ಕಾಲು ಜಾರಿದಾಗ ನೋವಿರುವ ಕೀಲು ಇನ್ನೂ ಎಳೆಯುತ್ತದೆ. ನಾವು ಅಡುಗೆಮನೆಯಿಂದ ಬಾಗಿಲವರೆಗೂ ಗೋಣಿಚೀಲ ಹಾಸಿದ್ದೇವೆ. ಮಲಗಲು ದಪ್ಪನೆ ಹಾಸಿಗೆ.

ತೂಕವೂ ಮುಖ್ಯ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೂ ಗಮನಿಸಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧ ನಾಯಿಗಳಿಗೆ ಊಟ ಶೇಕಡ 25 ಕಡಿಮೆ. ಅವು ಸುಮಾರು ಎರಡು ವರ್ಷ ಜಾಸ್ತಿ ಬದುಕಿದವು, ಕೀಲುರೋಗವೂ ತಡವಾಗಿ ಬಂತು. ಪ್ರೀತಿಗೆ ಎರಡೆರಡು ಮುದ್ದೆ ಹಾಕುವವರು ಇದನ್ನು ದಯವಿಟ್ಟು ಯೋಚಿಸಿ.

ನೋವಿಗೆ ನಮ್ಮ ಮಾತ್ರೆ ಮಾತ್ರ ಕೊಡಲೇಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ. ನಾಯಿಗೆಂದೇ ನೋವಿನ ಔಷಧಿಗಳಿವೆ, ಪಶುವೈದ್ಯರು ತೂಕ ನೋಡಿ ಕೊಡುತ್ತಾರೆ. ಇದ್ದಕ್ಕಿದ್ದಂತೆ ಕಾಲು ಎಳೆಯತೊಡಗಿದರೆ ಅದು ಬೆನ್ನುಹುರಿಯ ತೊಂದರೆ ಇರಬಹುದು. ಆಗ ನಾಳೆವರೆಗೂ ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ.